ನೇರ ಮಾಡಿದ ತಿರುವು

ಗಾಡಿ ಮನೆಗೆ ಬಂದ ದಿನ ನಮ್ಮವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲಿಗೆ ಬಂದರು, ಟ್ಯಾಂಕಿನ ಮೇಲೆ ಕೈಯಾಡಿಸಿದರು, ಸೀಟಿನ ಎತ್ತರವನ್ನು ತಮ್ಮ ಸೊಂಟಕ್ಕೆ ಹಿಡಿದು ಅಳೆದರು, ಒಂಟೆ ತಂದಿದ್ದೀಯ ಎಂದು ಹೇಳಿ ಒಳಗೆ ಹೋಗಿ ರೇಡಿಯೊ ಹಾಕಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಜನ ಹೊಸ ಪೊರಕೆ ತಂದರೂ ಒಮ್ಮೆ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಇವರಿಗೆ ಹೆಂಡತಿ ಬೈಕು ತಂದದ್ದು ಅಷ್ಟೂ ಬೇಡವಾಯಿತೇ ಎಂದು ಆ ದಿನವೆಲ್ಲ ಮುಖ ಗಂಟು ಹಾಕಿಕೊಂಡೇ ಇದ್ದೆ.

ಒಂಟೆಯೇ ಹೌದು, ಸುಳ್ಳೇಕೆ ಹೇಳಲಿ. ಅಡ್ವೆಂಚರ್ ಬೈಕು ಎನ್ನುತ್ತಾರೆ. ಆ ಜಾತಿಯಲ್ಲಿ ಇದು ನಡುಗಾತ್ರದ್ದು ಎಂದು ಅಂಗಡಿಯವನು ಹೇಳಿದ್ದ. ಇದರಪ್ಪನಂಥದ್ದನ್ನು ಹತ್ತಲು ಏಣಿಯೇ ಬೇಕಾಗುತ್ತದೇನೋ. ನಾನು ಕೆಲಸ ಮಾಡುವುದು ಊರಾಚೆಯ ಕಲ್ಲು ಕ್ವಾರಿಯ ವೇಬ್ರಿಡ್ಜಿನಲ್ಲಿ. ಜಲ್ಲಿ ತುಂಬಿದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ನಾನು ಕಿಟಕಿಯೊಳಗೆ ಕೂತು ತೂಕ ನೋಡಿ ಚೀಟಿ ಕೊಡುತ್ತೇನೆ. ಅಲ್ಲಿಗೆ ಹೋಗುವ ದಾರಿಗೆ ಕೊನೆಯಲ್ಲಿ ಟಾರಿಲ್ಲ. ನನ್ನ ಹಳೆಯ ಸ್ಕೂಟರು ಆ ಗುಂಡಿಗಳಲ್ಲಿ ಹೊಟ್ಟೆ ಉಜ್ಜಿಕೊಂಡು ಉಜ್ಜಿಕೊಂಡು ಪ್ರಾಣ ಬಿಟ್ಟಿತು.

ಇನ್ನೊಂದು ಸ್ಕೂಟರು ತಂದಿದ್ದರೂ ನಡೆಯುತ್ತಿತ್ತು. ಆದರೆ ನಮ್ಮವರು ಬೆಟ್ಟದ ರೂಟಿನಲ್ಲಿ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ಇಂಥ ಬೈಕು ಬಸ್ಸನ್ನು ಹಿಂದೆ ಹಾಕಿ ಹೋದ ದಿನವೆಲ್ಲ ಮನೆಯಲ್ಲಿ ಅದರದೇ ಮಾತು. ರಿಟೈರಾದ ಮೇಲೆ ಒಂದು ತಗೊಂಡು ನಿನ್ನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೇನೆ ಎನ್ನುತ್ತಿದ್ದರು. ರಿಟೈರಾಗಲು ಬಿಡಲೇ ಇಲ್ಲ. ಕಣ್ಣಿನ ಪರೀಕ್ಷೆ ಮಾಡಿ, ಬಲಗಣ್ಣು ಹೋಗಿದೆಯೆಂದು ಬಸ್ಸಿನಿಂದ ಇಳಿಸಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿತ್ತಂತೆ. ಎಡಗಣ್ಣಿಗೆ ಏನೂ ಆಗಿಲ್ಲ, ದಿನಾ ಹನಿ ಹಾಕಿಕೊಂಡರೆ ಸಾಕು ಎಂದು ಆಸ್ಪತ್ರೆಯಿಂದ ಬಂದು ಅವರೇ ಹೇಳಿದರು. ಆಮೇಲಿನ ತಪಾಸಣೆಗಳಿಗೂ ಒಬ್ಬರೇ ಹೋಗಿ ಬರುತ್ತಿದ್ದರು. ನಾನು ಕ್ವಾರಿ ಬಿಟ್ಟು ಹೋಗುವ ಹಾಗಿರಲಿಲ್ಲ.

ಅಲ್ಲಿಂದಾಚೆ ಮನುಷ್ಯ ಮನೆ ಹಿಡಿದು ಕೂತುಬಿಟ್ಟರು. ಪೇಪರು ಬೇಡ ಎಂದರು, ಅದರ ತುಂಬ ಬರೀ ಸುಳ್ಳಂತೆ. ವಾಕಿಂಗ್ ಬೇಡ, ನಾಯಿಗಳ ಕಾಟವಂತೆ. ಮಗಳು ಫೋನಿನಲ್ಲಿ ಮೊಮ್ಮಗುವನ್ನು ತೋರಿಸಿದರೆ, ಚೆನ್ನಾಗಿದೆ ಚೆನ್ನಾಗಿದೆ ಎಂದು ಫೋನನ್ನು ನನ್ನ ಕೈಗೆ ದಾಟಿಸುತ್ತಿದ್ದರು. ಊರೂರು ಸುತ್ತಿದ ಮನುಷ್ಯ ಹೀಗೆ ಕುರ್ಚಿಯಲ್ಲೇ ಕರಗಿ ಹೋಗುತ್ತಾರಲ್ಲ ಎಂದು ದಿನಾ ಕೊರಗುತ್ತಿದ್ದೆ. ಅವರು ಓಡಿಸಲಾಗದಿದ್ದರೇನು, ನಾನು ಓಡಿಸುತ್ತೇನೆ, ಅವರು ಹಿಂದೆ ಕೂರಲಿ. ಅವರನ್ನು ಆ ಕುರ್ಚಿಯಿಂದ ಎಬ್ಬಿಸಬೇಕು. ಆ ಒಂಟೆಯನ್ನು ತಂದದ್ದು ಅದಕ್ಕೇ.

ಓಡಿಸುತ್ತೇನೆ ಎಂದದ್ದು ಸುಲಭ. ಓಡಿಸುವುದು ನನ್ನಪ್ಪನಾಣೆ ಸುಲಭವಿರಲಿಲ್ಲ. ನನ್ನ ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ಓಡುವಾಗ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ನಿಂತರೆ ಬಂತು ಗ್ರಹಚಾರ. ಇನ್ನೂರು ಕಿಲೋ ಒಂದು ಕಡೆ ವಾಲಲು ಶುರುವಾಯಿತೆಂದರೆ ತಡೆಯುವವರು ಯಾರು? ಕ್ವಾರಿಯಲ್ಲಿ ಟಿಪ್ಪರ್ ಓಡಿಸುವ ಕುಳ್ಳ ನನಗಿಂತ ಗಿಡ್ಡ, ಅವನ ಹತ್ತಿರವೂ ಇಂಥದೇ ಗಾಡಿಯಿದೆ. ಎರಡು ಕಾಲೂ ಊರಲು ಹೋಗಬೇಡಿ ಅಕ್ಕಾ, ಸೊಂಟ ಜಾರಿಸಿ ಒಂದೇ ಕಾಲು ಗಟ್ಟಿಯಾಗಿ ಊರಿ ಎಂದು ಹೇಳಿಕೊಟ್ಟವನು ಅವನೇ. ಬಿದ್ದ ಗಾಡಿಯನ್ನು ಸೀಟಿಗೆ ಬೆನ್ನು ಕೊಟ್ಟು ಎತ್ತುವುದನ್ನೂ ಕಲಿಸಿದ. ಅದನ್ನು ಮೊದಲೇ ಕಲಿಸಿದ್ದು ಒಳ್ಳೆಯದಾಯಿತು, ಯಾಕೆಂದರೆ ವೇಬ್ರಿಡ್ಜಿನ ಮುಂದೆಯೇ ಎಲ್ಲ ಲಾರಿಯವರ ಎದುರಿಗೆ ಬಿದ್ದೆ. ಒಬ್ಬ ಚಾಲಕ, ತೂಕ ಎಷ್ಟು ಬಂತು ಮೇಡಂ ಎಂದು ಕೇಳಿದ. ಅವನ ಮುಂದಿನ ಲೋಡನ್ನು ಬೇಕೆಂದೇ ಕಾಯಿಸಿದೆ.

ಕೆಂಪು ದೀಪ ಕಂಡರೆ ಎದೆ ಢವಢವ. ಇಳಿಜಾರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಅಂಗೈಯೆಲ್ಲ ಬೆವರು. ಒಬ್ಬಳೇ ಇದ್ದಾಗಲೇ ಹೀಗೆ, ಇನ್ನು ಹಿಂದೆ ಇವರನ್ನು ಕೂರಿಸಿಕೊಂಡು ಕೆಡವಿದರೆ ಗತಿಯೇನು ಎಂಬ ಯೋಚನೆ ಹಲ್ಲುಜ್ಜುವಾಗಲೂ ಬಿಡುತ್ತಿರಲಿಲ್ಲ. ಆದರೂ ಬಿಡದೆ ಕರೆದೆ. ಅವರು ಬರಲಿಲ್ಲ. ಇವತ್ತು ಮಂಡಿನೋವು, ನಾಳೆ ಬಿಸಿಲು. ಕೊನೆಗೊಮ್ಮೆ ಹಾಲು ತರುವಷ್ಟು ದೂರಕ್ಕೆ ಹಿಂದೆ ಕೂತರು. ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು. ಬೈಕಿನಲ್ಲಿ ತಿರುವು ಬಂದಾಗ ಗಾಡಿ ವಾಲುತ್ತದೆ, ಹಿಂದೆ ಕೂತವರೂ ಜೊತೆಗೇ ವಾಲಬೇಕು. ಇವರು ಬಸ್ಸಿನ ಮನುಷ್ಯ, ಕಂಬದ ಹಾಗೆ ನೆಟ್ಟಗೆ ಕೂತರು. ನಾನು ತಿರುಗಿಸಿ ಮುಗಿದ ಮೇಲೆ ಗಾಬರಿಯಾಗಿ ವಾಲಿದರು. ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಹೇಳಿಬಿಡಿ ಎಂದು ಮನೆ ಮುಟ್ಟುವ ತನಕ ಕೂಗಾಡಿದೆ.

ಅವರ ಬಸ್ಸಿನ ಕಂಡಕ್ಟರ್ ಈಗ ಬೆಟ್ಟದ ಮೇಲೆ, ಆ ರೂಟಿನ ಕೊನೆಯ ಸ್ಟಾಪಿನಲ್ಲಿ ಟೀ ಅಂಗಡಿ ಇಟ್ಟಿದ್ದಾರೆ. ಬಾರಯ್ಯ ಬಾರಯ್ಯ ಎಂದು ಫೋನು ಮಾಡುತ್ತಲೇ ಇದ್ದರು, ಇವರು ಮೀನಮೇಷ ಎಣಿಸುತ್ತಲೇ ಇದ್ದರು. ನನ್ನ ವಾರದ ರಜೆಯ ಹಿಂದಿನ ದಿನ ನಾನೇ ಆ ಫೋನು ಎತ್ತಿಕೊಂಡು, ನಾಳೆ ಬೆಳಿಗ್ಗೆ ಬರುತ್ತೇವೆ ಎಂದುಬಿಟ್ಟೆ. ಇವರು ಬಾರದಿದ್ದರೆ ನಾನೊಬ್ಬಳೇ ಬೆಟ್ಟ ಹತ್ತುತ್ತೇನೆ ಎಂದೂ ಸೇರಿಸಿದೆ. ನಮ್ಮವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಒಬ್ಬಳೇ ಹೋಗ್ತೀಯಾ?"

"ಹೂಂ, ಮತ್ತೆ? ಎಷ್ಟು ದಿನಾಂತ ಕಾಯ್ಲಿ?"

ಬರುತ್ತೇನೆ ಎಂದರು. ನನಗೆ ಖುಷಿಯಾಗಬೇಕಿತ್ತು. ಆದರೆ ಮಂಚದ ಮೇಲೆ ಹೊರಳಾಡುತ್ತ ಬೆಟ್ಟದ ತಿರುವುಗಳನ್ನೇ ನೆನೆಸಿಕೊಂಡೆ. ಅಯ್ಯೋ, ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

ಬೆಳಿಗ್ಗೆ ಊರು ದಾಟುವವರೆಗೆ ಅದೇ ಕಥೆ, ಪ್ರತಿ ತಿರುವಿನಲ್ಲೂ ಇವರು ತಡವಾಗಿ ವಾಲುವುದು, ನಾನು ಹಲ್ಲು ಕಚ್ಚುವುದು. ಬೆಟ್ಟದ ಬುಡ ಬಂತು. ಮೊದಲ ತಿರುವಿಗೆ ನಾನು ಗೇರು ಇಳಿಸುವಾಗಲೇ ಕಿವಿಯ ಪಕ್ಕ ಅವರ ದನಿ ಕೇಳಿತು, ಎಡಕ್ಕೆ, ಉದ್ದ ಇದೆ, ಅವಸರ ಮಾಡಬೇಡ ಎಂದು. ಆಮೇಲೆ ಅವರ ಭಾರ ನನ್ನ ಜೊತೆಗೇ, ಹದವಾಗಿ ಎಡಕ್ಕೆ ಬಂತು. ಗಾಡಿ ಬೆಣ್ಣೆಯ ಹಾಗೆ ತಿರುಗಿತು. ಮುಂದೆ ಬಲಕ್ಕೆ ಎಂದರು, ಬಲಕ್ಕೆ ಬಂತು. ಇಲ್ಲಿ ಎದುರಿಂದ ಲಾರಿ ಅಗಲಕ್ಕೆ ಬರುತ್ತೆ, ಒಳಗೇ ಇರು ಎಂದರು, ಲಾರಿ ಬಂದೇ ಬಂತು. ಹಾರ್ನ್ ಎಲ್ಲಿ ಹೊಡೆಯಬೇಕು, ಯಾವ ತಿರುವು ಕೊನೆಗೆ ಬಿಗಿಯಾಗುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ನನ್ನ ಭುಜ ಸಡಿಲವಾಯಿತು. ಇವರನ್ನು ಕೂರಿಸಿಕೊಂಡದ್ದು ಭಾರವಲ್ಲ, ಬಲ ಎಂದು ಹೆಮ್ಮೆಪಟ್ಟೆ. ನನ್ನ ಹಳೆಯ ಡ್ರೈವರು ನನಗೆ ವಾಪಸ್ ಸಿಕ್ಕಿದ್ದರು.

ಅರ್ಧ ಬೆಟ್ಟ ಹತ್ತಿದ ಮೇಲೆ ಹೊಸ ರಸ್ತೆ ಬರುತ್ತದೆ. ಮೊದಲು ಅಲ್ಲಿ ಗುಡ್ಡವನ್ನು ಬಳಸಿಕೊಂಡು ಹೋಗುವ ದೊಡ್ಡ ಎಡ ತಿರುವಿತ್ತು. ವರ್ಷಕ್ಕೊಂದು ಲಾರಿಯಾದರೂ ಅಲ್ಲಿ ಮಗುಚುತ್ತಿತ್ತೆಂದು ಈಚೆಗೆ ಗುಡ್ಡವನ್ನೇ ಕಡಿದು ರಸ್ತೆಯನ್ನು ನೇರ ಮಾಡಿದರು. ಆ ಕೆಲಸಕ್ಕೆ ಹೋದ ಜಲ್ಲಿಯನ್ನೆಲ್ಲ ತೂಕ ಹಾಕಿ ಕಳಿಸಿದವಳು ನಾನೇ. ಇವರಿಗೆ ಹೇಳಿರಲಿಲ್ಲ. ಬಸ್ಸಿನ ರಸ್ತೆಯ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದರು, ಹಾಗಾಗಿ ಎತ್ತುವುದನ್ನೇ ಬಿಟ್ಟಿದ್ದೆ. ಈಗಂತೂ ಹೇಳುವುದೇನಿದೆ? ಕಪ್ಪಗೆ, ಅಗಲವಾಗಿ, ಬಿಳಿ ಗೆರೆ ಎಳೆದ ರಸ್ತೆ ಕಣ್ಣೆದುರಿಗೇ ಬಿದ್ದಿತ್ತು. ನೇರ ದಾರಿ ಸಿಕ್ಕಿತಲ್ಲ ಎಂದು ಸ್ವಲ್ಪ ವೇಗ ಹೆಚ್ಚಿಸಿದೆ.

"ಈಗ ದೊಡ್ಡದು, ಎಡಕ್ಕೆ" ಎಂದರು ನಮ್ಮವರು.

ನನಗೆ ಅರ್ಥವಾಗುವಷ್ಟರಲ್ಲಿ ಅವರ ಇಡೀ ಭಾರ ಎಡಕ್ಕೆ ಬಿತ್ತು. ಗಾಡಿ ನನ್ನ ಕೈ ಮೀರಿ ಅಂಚಿನ ಕಡೆಗೆ ಎಳೆಯಿತು. ನೆಟ್ಟಗಾಗಿ ಎಂದು ಕಿರುಚಿದೆ. ಅವರು ಇನ್ನಷ್ಟು ವಾಲಿದರು. ಅಂಚಿನಲ್ಲಿ ಹರಡಿದ್ದ ಜಲ್ಲಿಯ ಮೇಲೆ ಗಾಲಿ ಹತ್ತಿತು. ಜಲ್ಲಿಯ ಮೇಲೆ ಮುಂದಿನ ಬ್ರೇಕು ಹಿಡಿಯಬಾರದೆಂದು ಕುಳ್ಳ ಬಾಯಿ ಬಡಿದುಕೊಂಡು ಹೇಳಿದ್ದ. ಹಿಡಿದೆ. ಹ್ಯಾಂಡಲು ಮಡಚಿಕೊಂಡಿತು, ಗಾಡಿಯೂ ಸೇರಿ ಮೂವರೂ ಬಿದ್ದೆವು.

ವೇಗ ಅಷ್ಟು ಹೊತ್ತಿಗೆ ಇಳಿದಿತ್ತು, ಪಕ್ಕದಲ್ಲಿ ಪ್ರಪಾತವಿರಲಿಲ್ಲ, ಕಡಿದು ಗುಡ್ಡೆ ಹಾಕಿದ ಮಣ್ಣಿತ್ತು. ಅದು ನಮ್ಮ ಪುಣ್ಯ. ಎದ್ದವಳೇ ಅವರನ್ನು ಎಬ್ಬಿಸಿದೆ, ಕೈಕಾಲು ಮುಟ್ಟಿ ನೋಡಿದೆ. ಮೊಣಕೈ ತರಚಿತ್ತು, ಅಷ್ಟೇ. ಏನೂ ಆಗಿಲ್ಲವೆಂದು ಗೊತ್ತಾದದ್ದೇ ತಡ, ನನ್ನ ಸಿಟ್ಟೆಲ್ಲ ಬಾಯಿಗೆ ಬಂತು. ತಲೆ ನೆಟ್ಟಗಿದೆಯೇ ನಿಮಗೆ, ನೆಟ್ಟನೆಯ ರಸ್ತೆಯಲ್ಲಿ ಯಾರಾದರೂ ವಾಲುತ್ತಾರೆಯೇ, ನನ್ನನ್ನು ಸಾಯಿಸಬೇಕೆಂದಿದ್ದರೆ ಮನೆಯಲ್ಲೇ ಸಾಯಿಸಿ ಎಂದೆಲ್ಲ ಕೂಗಿದೆ. ಗಾಡಿಯ ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಕೂಗಿ ಮುಗಿಸಿ ಆ ಕಡೆಗೆ ಹೋಗಿ ಸ್ವಿಚ್ ಆರಿಸಿದೆ. ಎಲ್ಲ ನಿಶ್ಶಬ್ದವಾಯಿತು.

"ತಿರುವು ಎಲ್ಲಿ ಹೋಯ್ತೇ?" ಎಂದು ಅವರು ಕೇಳಿದರು.

ನನ್ನನ್ನೇ ಕೇಳಿದ್ದು. ಆದರೆ ಅವರ ಮುಖ ನನ್ನ ಕಡೆಗಿರಲಿಲ್ಲ. ನಾನು ಮೊದಲು ನಿಂತು ಕೂಗಾಡಿದ ಜಾಗಕ್ಕೆ, ಖಾಲಿ ರಸ್ತೆಗೆ ಮುಖ ಮಾಡಿ ಉತ್ತರ ಕಾಯುತ್ತಿದ್ದರು.

ಉಸಿರು ಬಿಗಿಹಿಡಿದು ಇನ್ನೂ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವರು ತಿರುಗಲಿಲ್ಲ. "ಪೆಟ್ಟಾಯ್ತಾ ನಿನಗೆ? ಮಾತಾಡೇ" ಎಂದು ಗಾಳಿಗೆ ಕೈ ಚಾಚಿದರು.

ಓಡಿ ಹೋಗಿ ಆ ಕೈ ಹಿಡಿದುಕೊಂಡೆ. "ಎಡಗಣ್ಣೂನಾ?" ಎಂದೆ.

ಅವರು ತಲೆಯಾಡಿಸಿದರು. ನಡುವೆ ಒಂದು ಬಟ್ಟಲಿನಷ್ಟು ಕಾಣುತ್ತದಂತೆ, ಅದೂ ಮಬ್ಬು. ನನ್ನ ಹೆಲ್ಮೆಟ್ಟಿನ ಬಿಳಿ ಕಂಡರೆ ಅದರಾಚೆಗೆ ಏನೂ ಇಲ್ಲ. ಆಸ್ಪತ್ರೆಯಲ್ಲಿ ಏನೆಂದರು ಎಂದು ಕೇಳಿದೆ. ಅಲ್ಲಿಗೆ ಹೋಗುವುದನ್ನು ಯಾವತ್ತೋ ಬಿಟ್ಟಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕೂತು, ಬಸ್ಸುಗಳ ಸದ್ದು ಕೇಳಿಕೊಂಡು, ಹೊತ್ತು ಕಳೆದು ವಾಪಸ್ ಬರುತ್ತಿದ್ದರು. ಆ ಕಣ್ಣೂ ಹೋಗಿದೆ ಎಂದು ಡಾಕ್ಟರ ಬಾಯಲ್ಲಿ ಕೇಳುವ ಧೈರ್ಯವಿರಲಿಲ್ಲ ಎಂದರು.

"ನನಗೆ ಹೇಳೋದಕ್ಕೇನಾಗಿತ್ತು?"

"ಹೇಳೋಣ ಅಂತಿದ್ದೆ. ಅವತ್ತೇ ನೀನು ಗಾಡಿ ತಂದೆ. ಅಷ್ಟು ಖುಷಿಯಾಗಿದ್ದೆ. ಹೇಳಿದ್ರೆ ನೀನು ವಾಪಸ್ ಕೊಟ್ಟುಬಿಡ್ತಿದ್ದೆ."

ಕೊಟ್ಟುಬಿಡುತ್ತಿದ್ದೆ, ನಿಜ. ಆಮೇಲೆ ಹೊಳೆಯಿತು: ಇವರಿಗೆ ಏನೂ ಕಾಣುವುದಿಲ್ಲ. ಇವರನ್ನು ಹಿಂದೆ ಹೊತ್ತು ಬಂದವಳು ನೆಟ್ಟಗೆ ಕಾಲೂರಲು ಬಾರದ ನಾನು. ಕಣ್ಣಿದ್ದವರೇ ಹತ್ತಲು ಹೆದರುವ ಸೀಟು ಅದು.

"ಮತ್ತೆ ಇವತ್ತು ಯಾಕೆ ಬಂದ್ರಿ?" ಎಂದೆ. "ಕಾಣ್ಸದೇ ಇರೋರು ನನ್ನ ಹಿಂದೆ ಬಂದು ಏನ್ ಮಾಡೋಣ ಅಂತಿದ್ರಿ?"

"ಒಬ್ಬಳೇ ಹೋಗ್ತೀನಿ ಅಂದ್ಯಲ್ಲ. ಈ ರಸ್ತೆ ನಿನಗೆ ಹೊಸದು. ನನಗೆ ಬಾಯಿಪಾಠ. ಜೊತೆಗಿದ್ರೆ ತಿರುವಾದ್ರೂ ಹೇಳಬಹುದು ಅಂತ."

ಇಷ್ಟು ದಿನ ನನ್ನ ಮೇಲೆ ನಂಬಿಕೆಯಿಲ್ಲವೆಂದು ಈ ಮನುಷ್ಯನನ್ನು ಹರಿದು ತಿಂದಿದ್ದೆ. ಅವರ ಎದೆಗೆ ಹಣೆ ಒತ್ತಿ, ಹೆಲ್ಮೆಟ್ಟು ಹಾಕಿಕೊಂಡೇ, ಹುಚ್ಚಿಯ ಹಾಗೆ ಅತ್ತೆ. ಹೆಲ್ಮೆಟ್ಟು ಚುಚ್ಚುತ್ತೆ ಕಣೇ ಎಂದರು. ಅದಕ್ಕೆ ನಗುವೂ ಬಂತು, ಅಳುವೂ ನಿಲ್ಲಲಿಲ್ಲ.

ಕಣ್ಣಿನ ಆಸ್ಪತ್ರೆ ಸಂಜೆಯ ತನಕ ತೆರೆದಿರುತ್ತದೆ. ಉಳಿದ ಆ ಬಟ್ಟಲಿನಷ್ಟನ್ನಾದರೂ ಉಳಿಸಿಕೊಳ್ಳಬಹುದೋ ಏನೋ, ತಡಮಾಡಿದಷ್ಟೂ ಅದೂ ಕೈಬಿಟ್ಟು ಹೋಗುತ್ತದೆ. ಇವತ್ತೇ, ಈಗಲೇ ಎಂದೆ. ಅವರು ಕಂಡಕ್ಟರ್ ಕಾಯುತ್ತಾನೆ ಎಂದು ಗೊಣಗಿದರು. ಕಾಯಲಿ, ಇಷ್ಟು ವರ್ಷ ನಿಮ್ಮ ಬಸ್ಸಿನಲ್ಲಿ ನಿಂತುಕೊಂಡೇ ಬಂದವರಿಗೆ ಕಾಯುವುದೇನು ಹೊಸದೇ ಎಂದು ಬಾಯಿ ಮುಚ್ಚಿಸಿದೆ. ಅವರ ಕೈಯನ್ನು ಬಿದ್ದ ಗಾಡಿಯ ಹಿಂದಿನ ಹಿಡಿಗೆ ತಂದಿಟ್ಟೆ, ನಾನು ಸೀಟಿಗೆ ಬೆನ್ನು ಕೊಟ್ಟೆ. ಇಬ್ಬರೂ ಸೇರಿ ಉಸಿರು ಕಟ್ಟಿ ನೂಕಿದೆವು, ಗಾಡಿ ಎದ್ದು ನಿಂತಿತು. ಒಂದು ಇಂಡಿಕೇಟರು ಮುರಿದು ತಂತಿಯಲ್ಲಿ ನೇತಾಡುತ್ತಿತ್ತು.

"ಬಿದ್ದ ಮೇಲೂ ಧೈರ್ಯ ಇದೆಯೇನೇ ನಿನಗೆ?" ಎಂದರು. "ಓಡಿಸ್ತೀಯಾ?"

"ಓಡಿಸ್ತೀನಿ. ನೀವು ವಾಲೋದೂ ಬೇಡ, ಹೇಳೋದೂ ಬೇಡ. ನನ್ನ ಬೆನ್ನಿಗೆ ಅಂಟಿಕೊಂಡು ಕೂತ್ಕೊಳ್ಳಿ, ಸಾಕು."

ಕೂತರು. ಎರಡು ಕೈಯಲ್ಲೂ ನನ್ನ ಸೊಂಟ ಹಿಡಿದು, ತಲೆಯನ್ನು ನನ್ನ ಬೆನ್ನಿಗೆ ಆನಿಸಿದರು. ಅಷ್ಟು ಹೆದರಿಕೆಯಿಂದ ನಾನು ಯಾವತ್ತೂ ಕ್ಲಚ್ಚು ಬಿಟ್ಟವಳಲ್ಲ. ಹೊಸ ರಸ್ತೆಯ ಮೇಲೆ ಮೆಲ್ಲಗೆ ಇಳಿಯತೊಡಗಿದ ಮೇಲೆ ಅವರು ಒಂದೇ ಒಂದು ಮಾತು ಕೇಳಿದರು.

"ರಸ್ತೆ ಚೆನ್ನಾಗಿ ಮಾಡಿದಾರಾ?"

ಚೆನ್ನಾಗಿದೆ ರೀ, ಅಗಲವಿದೆ, ಎರಡು ಬಸ್ಸು ಒಟ್ಟಿಗೆ ಹೋಗಬಹುದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ತುಂಬಿ ಎದುರಿನ ಬಿಳಿ ಗೆರೆಯೆಲ್ಲ ಕಲಸಿಹೋಯಿತು. ಇಬ್ಬರಲ್ಲಿ ಒಬ್ಬರಿಗಾದರೂ ಕಾಣಬೇಕಲ್ಲ ಎಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಒಂದು ಕಾಲು ಗಟ್ಟಿಯಾಗಿ ಊರಿ, ಕಣ್ಣು ಒರೆಸಿಕೊಂಡು ಮತ್ತೆ ಹೊರಟೆ.