ನಡತೆಯ ಖಾನೆ

ಇವತ್ತು ಬರೆಯುವುದಿಲ್ಲ ಎಂದುಕೊಂಡು ಪ್ರಭುರಾಜ ಪೆನ್ನಿನ ಕ್ಯಾಪು ಹಾಕಿದ.

ಮೇಜಿನ ಮೇಲೆ ನಡತೆ ಪ್ರಮಾಣಪತ್ರಗಳ ಕಟ್ಟು. ಹೆಸರು, ತಂದೆಯ ಹೆಸರು, ಊರು ಎಲ್ಲ ತುಂಬಿತ್ತು. ನಡತೆಯ ಖಾನೆ ಮಾತ್ರ ಖಾಲಿ. ಕುಷ್ಟಗಿಯ ಈ ಕಾಲೇಜಿಗೆ ಇಂಗ್ಲಿಷ್ ಉಪನ್ಯಾಸಕನಾಗಿ ಬಂದ ಹನ್ನೊಂದು ವರ್ಷದಿಂದ ಅಲ್ಲಿ ಅವನು ಬರೆಯುತ್ತ ಬಂದದ್ದು ಒಂದೇ ಪದ: ಗುಡ್. ಕ್ಲಾಸಿನಲ್ಲಿ ಅದರ ಅರ್ಥ, ಬಳಕೆ ವಿವರಿಸಲು ಒಂದು ತಾಸು ಬೇಕಾಗುತ್ತಿತ್ತು. ಇಲ್ಲಿ ಎರಡು ಸೆಕೆಂಡು ಸಾಕು.

ಬೆಳಿಗ್ಗೆ ತನ್ನದೇ ಫೈಲು ಕೈಗೆ ಸಿಕ್ಕಿತ್ತು. ಪ್ರಿನ್ಸಿಪಾಲರು ವರ್ಷವರ್ಷವೂ ಅವನ ಬಗ್ಗೆ ಬರೆದ ಷರಾ: ಗುಡ್. ಹನ್ನೊಂದು ಸಲ. ಅದೇ ಪ್ರಿನ್ಸಿಪಾಲರು ಆಮೇಲೆ ವರಾಂಡದಲ್ಲಿ ತಡೆದು, ನೀವು ಹಿಸ್ಟರಿಯವರಲ್ಲೇನ್ರಿ ಎಂದು ಕೇಳಿದ್ದರು. ಹೌದು ಎಂದು ಹೇಳಿ ಬಂದಿದ್ದ.

ಬಾಗಿಲಲ್ಲಿ ಅವನ ವಿದ್ಯಾರ್ಥಿನಿ ಮುಬಾಶಿರಾ ನಿಂತಿದ್ದಳು. ತಾವರಗೇರಾದವಳು, ಹಾಗೆಂದು ಫಾರಮಿನಲ್ಲಿತ್ತು. ಹಿಂದೆ ಅದೇ ಕ್ಲಾಸಿನ ಗಂಗಾ, ಇನ್ನೂ ಮೂವರು ಹುಡುಗಿಯರು. ಕೊಪ್ಪಳದಲ್ಲಿ ಬಿ.ಎಡ್ ಸೀಟು ಸಿಕ್ಕಿದೆ, ಇವತ್ತು ಸಂಜೆ ಐದರೊಳಗೆ ಕಾಗದ ಕೊಡದಿದ್ದರೆ ಸೀಟು ಹೋಗುತ್ತದೆ, ಎರಡರ ಬಸ್ಸು ಹಿಡಿಯಬೇಕು ಎಂದು ಒಂದೇ ಉಸಿರಿಗೆ ಹೇಳಿದಳು.

"ನಿನ್ನ ಬಗ್ಗೆ ಖರೇ ಮಾತು ಬರೀಬೇಕಂತ ಮಾಡೀನಿ," ಎಂದ. "ನೀ ಎಂಥಾಕಿ, ಹೇಳು."

ಅವಳು ಗಂಗಾಳ ಕಡೆ ನೋಡಿದಳು. "ಗುಡ್ ಅಂತ ಬರೀರಿ ಸರ. ಎಲ್ಲಾರಿಗೂ ಅದನ್ನ ಬರದೀರಲ್ಲ."

"ಅದಕ್ಕ ಬ್ಯಾಡ."

"ನಾ ಏನ್ ತಪ್ಪು ಮಾಡೀನ್ರಿ?"

ತಪ್ಪೇನೂ ಇಲ್ಲವೆಂದ. ಅವಳು ತನ್ನ ಕ್ಲಾಸಿನಲ್ಲಿ ಕೂತ ಮೂರು ವರ್ಷಗಳನ್ನು ನೆನಪಿನಲ್ಲಿ ತಡಕಾಡಿದ. ಸಿಕ್ಕಿದ್ದು ಎರಡನೇ ಬೆಂಚು, ಒಂದು ಹಸಿರು ದುಪಟ್ಟಾ, ಅದೂ ಯಾರದ್ದೋ. ಜವಾನ ಕೊಟ್ರಪ್ಪನನ್ನು ಕರೆದು, ಈಕೆ ಹೇಗೆ ಎಂದು ಕೇಳಿದ.

ಕೊಟ್ರಪ್ಪ ನಕ್ಕ. "ಪಾಠ ಹೇಳಿದವ್ರು ನೀವು, ನಾ ಗಂಟಿ ಹೊಡ್ಯಾಂವ. ದಿನಾ ಬರ್ತಾಳ, ಹೋಗ್ತಾಳ. ನಿಮ್ಮಂಗ."

ನಾಳೆ ಬಾ, ಕೂತು ಮಾತಾಡೋಣ ಎಂದು ಪ್ರಭುರಾಜ ಅವಳಿಗೆ ಹೇಳಿ ನೋಡಿದ. ನಾಳೆ ಸೀಟು ಇರುವುದಿಲ್ಲವೆಂದಳು. ಅವನು ಜಗ್ಗಲಿಲ್ಲ. ಐದೂ ಫಾರಮಿಗೆ ಸಹಿ ಮಾಡಿ, ಖಾನೆ ಖಾಲಿ ಬಿಟ್ಟು ಮುಂದೆ ಚಾಚಿದ.

"ಗೊತ್ತಿಲ್ಲದ್ದನ್ನ ನಾ ಬರಿಯಂಗಿಲ್ಲ."

ಅವರು ಕಾಗದ ತೆಗೆದುಕೊಂಡು ಹೊರಟರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು. ಎದ್ದು ಕಿಟಕಿಯ ಹತ್ತಿರ ಬಂದ.

ಕೆಳಗೆ ಬೇವಿನ ಗಿಡದ ಹತ್ತಿರ ಗಂಗಾ ಬಗ್ಗಿ ನಿಂತಿದ್ದಳು. ಮುಬಾಶಿರಾ ಅವಳ ಬೆನ್ನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದಳು. ಎರಡು ಸೆಕೆಂಡು. ಕೊನೆಗೆ ಕೈ ಸರಕ್ಕನೆ ಮೇಲೆದ್ದಿತು, ಬೋರ್ಡಿನ ಮೇಲೆ ಪದ ಮುಗಿಸುವಾಗ ಅವನ ಕೈ ಏಳುವ ಹಾಗೆಯೇ.

ಕೂಗಬೇಕೆಂದು ಬಾಯಿ ತೆರೆದ. ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿತ್ತು.

ಅಷ್ಟರಲ್ಲಿ ಮುಬಾಶಿರಾಳೂ ಬಗ್ಗಿದಳು. ಅವಳ ಬೆನ್ನ ಮೇಲೆ ಇನ್ನೊಬ್ಬಳ ಕಾಗದ, ಆ ಇನ್ನೊಬ್ಬಳ ಬೆನ್ನ ಮೇಲೆ ಮತ್ತೊಬ್ಬಳದು. ಬಿಸಿಲಿನಲ್ಲಿ ಸಾಲಾಗಿ ಬಾಗಿದ ಬೆನ್ನುಗಳು, ನೆಲಕ್ಕೆ ಇಳಿಬಿದ್ದ ತಲೆಗಳು. ಕಿಟಕಿಯ ಸರಳು ಹಿಡಿದು ಎಷ್ಟು ಬಗ್ಗಿ ನೋಡಿದರೂ ಒಂದು ಮುಖವೂ ಅವನಿಗೆ ಕಾಣಲಿಲ್ಲ.