ಹಿಂದಿನ ಹಲಗೆ

ನಮ್ಮ ಬೀದಿಯ ಕಥೆ ನಿಮ್ಮ ಬೀದಿಯ ಕಥೆಯೇ ಇರಬಹುದು. ಜೋರು ಮಳೆ ಬಂದರೆ ಬಚ್ಚಲ ನೀರು ಹೊರಗೆ ಹೋಗುತ್ತಿರಲಿಲ್ಲ, ಊರ ಕೊಳಕೆಲ್ಲ ಬಚ್ಚಲಿಂದ ಒಳಗೆ ಬರುತ್ತಿತ್ತು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದೆವು. ವರ್ಷಗಟ್ಟಲೆ ಕೂಗಾಡಿದ ಮೇಲೆ ದೊಡ್ಡ ಚರಂಡಿ ಪೈಪು ಹಾಕಲು ಬೀದಿ ಅಗೆಯುವುದೆಂದಾಯಿತು.

ಒಬ್ಬ ಗುತ್ತಿಗೆದಾರನ ಕೈಕೆಳಗೆ ಅಗೆಯುವ ಕೆಲಸ ನಮ್ಮ ಮನೆಗೇ ಸಿಕ್ಕಿತು. ಚಿಕ್ಕಪ್ಪ ಮೇಸ್ತ್ರಿ. ಅಣ್ಣ ತಳದಲ್ಲಿ ಕೂತು ಪೈಪಿಗೆ ಪೈಪು ಕೂಡಿಸುವವನು. ನಾನು ಮೇಲಿಂದ ಹಗ್ಗದಲ್ಲಿ ಪೈಪು ಇಳಿಸುವವನು. ಅತ್ತಿಗೆ ಮಣ್ಣು ಹೊರುವವಳು. ನಮ್ಮ ಬೀದಿಯನ್ನು ನಾವೇ ಉದ್ಧಾರ ಮಾಡುತ್ತಿದ್ದೇವೆಂದು ಹೆಮ್ಮೆ ಬೇರೆ.

ಕಾಲುವೆ ಎರಡಾಳು ಆಳ. ಅಷ್ಟು ಆಳಕ್ಕೆ ಇಳಿಯುವ ಮೊದಲು ಎರಡೂ ಬದಿಗೆ ಹಲಗೆ ನಿಲ್ಲಿಸಿ, ನಡುವೆ ಅಡ್ಡ ದಿಮ್ಮಿ ಕೊಟ್ಟು ಬಿಗಿಯಬೇಕು. ಮಣ್ಣನ್ನು ತಡೆಯುವುದು ಅದೊಂದೇ. ಗುತ್ತಿಗೆದಾರ ಕಳಿಸಿದ್ದು ಒಂದೇ ಜೊತೆ ಹಲಗೆ. ಹಾಗಾಗಿ ಮುಂದೆ ಅಗೆದಂತೆ ಹಿಂದಿನ ಹಲಗೆ ಕಿತ್ತು ಮುಂದಕ್ಕೆ ಹಾಕುವುದು ರೂಢಿ. ಹಿಂದೆ ಮಣ್ಣು ಮುಚ್ಚಿಕೊಂಡು ಬಂದು ಕಿತ್ತರೆ ತಪ್ಪಿಲ್ಲ. ಆದರೆ ಬೇಗ ಸಾಗಲೆಂದು ಮುಚ್ಚುವ ಮೊದಲೇ ಕೀಳುತ್ತಿದ್ದರು. ಅಣ್ಣ ಅಲ್ಲೇ ತಳದಲ್ಲಿ ಸಂದಿಗೆ ಸಿಮೆಂಟು ಮೆತ್ತುತ್ತಿರುವಾಗಲೇ.

ಮಣ್ಣು ಪರೀಕ್ಷೆ ಮಾಡುವ ಅಕ್ಕ ಒಬ್ಬರು ಆಗಾಗ ಬರುತ್ತಿದ್ದರು. ಮಣ್ಣುಂಡೆಯನ್ನು ಹೆಬ್ಬೆರಳಿಂದ ಒತ್ತಿ ನೋಡುವರು. ಚಿಕ್ಕಪ್ಪ ಅವರಿಗೆ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದ.

"ಏನು ಡಾಕ್ಟರಮ್ಮ, ನಮ್ಮ ಮಣ್ಣಿಗೆ ಜ್ವರ ಗಿರ ಇದೆಯಾ?"

"ಜ್ವರ ಅಲ್ಲ ಮೇಸ್ತ್ರಿ, ಬಿರುಕಿದೆ. ಇಲ್ನೋಡಿ."

ಕಾಲುವೆಯ ಅಂಚಿಂದ ಒಂದು ಮೊಳ ಆಚೆ, ಅಂಚಿನುದ್ದಕ್ಕೂ ಕೂದಲೆಳೆಯಂಥ ಗೆರೆ. ಚಿಕ್ಕಪ್ಪ ಹಿಮ್ಮಡಿಯಿಂದ ಅದರ ಮೇಲೆ ಹಸಿ ಮಣ್ಣು ತಿಕ್ಕಿದ.

"ಹೋಯ್ತಲ್ಲ! ಮುಲಾಮು ಹಚ್ಚಿದೆ."

ಆಳುಗಳು ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ.

"ಈ ಬದೀಲಿ ಹಿಂದೆ ನೀರಿನ ಪೈಪು ಹಾಕಿ ಮುಚ್ಚಿದಾರೆ. ಒಂದ್ಸಲ ಅಗೆದ ಮಣ್ಣು ಒಡೆದು ಅಂಟಿಸಿದ ಮಡಕೆ ಇದ್ದ ಹಾಗೆ. ನೋಡೋಕೆ ಗಟ್ಟಿ, ಅಷ್ಟೆ. ಸಾಲದ್ದಕ್ಕೆ ತೋಡಿದ್ದನ್ನೆಲ್ಲ ಅಂಚಿಗೇ ಗುಡ್ಡೆ ಹಾಕಿದೀರಿ. ಆ ಭಾರ ಯಾರು ಹೊರಬೇಕು?"

"ಮೀಸೆ ಬರೋ ಮೊದಲೇ ಗುದ್ದಲಿ ಹಿಡಿದವನು ನಾನು. ಗೋಡೆ ನಿಂತ ಹಾಗೆ ನಿಂತಿದೆ ನೋಡಮ್ಮ."

"ಬೀಳೋ ಮಣ್ಣು ಹೇಳಿ ಕೇಳಿ ಬೀಳತ್ತಾ ಮೇಸ್ತ್ರಿ? ಇನ್ನೊಂದು ಜೊತೆ ಹಲಗೆ ಬರೋವರೆಗೂ ಯಾರೂ ಇಳೀಬೇಡಿ."

ನಮ್ಮೆದುರೇ ಗುತ್ತಿಗೆದಾರನಿಗೆ ಫೋನು ಮಾಡಿದರು. "ಆಯ್ತು ಮೇಡಂ, ನಾಳೆನೇ ಕಳಿಸ್ತೀನಿ" ಎಂಬ ಜೇನಿನಂಥ ದನಿ ನಮಗೂ ಕೇಳಿಸಿತು. ಅಕ್ಕನ ಸ್ಕೂಟರು ತಿರುವು ದಾಟಿತ್ತೋ ಇಲ್ಲವೋ, ಚಿಕ್ಕಪ್ಪನ ಫೋನು ಬಡಿದುಕೊಂಡಿತು. ಈಗ ಅದೇ ದನಿಯಲ್ಲಿ ಜೇನಿರಲಿಲ್ಲ. "ಕೆಲಸ ನಿಲ್ಲಿಸಿ ನೋಡು. ನಾಳೆ ಬೇರೆ ಮೇಸ್ತ್ರಿ ಬರ್ತಾನೆ."

ಬೀದಿಯವರೂ ಬಾಯಿಗೆ ಬೀಗ ಹಾಕಿರಲಿಲ್ಲ. ಇಸ್ತ್ರಿ ಅಂಗಡಿಯವನು, "ಇನ್ನೂ ಎಷ್ಟು ತೋಡ್ತೀರಪ್ಪ, ಪಾತಾಳ ಸಿಗೋವರೆಗಾ? ಗಿರಾಕಿ ಹಾರಿಕೊಂಡು ಬರಬೇಕಾ?" ಎಂದ. ಎದುರುಮನೆ ಅಜ್ಜಿ, "ಮೋಡ ಕಟ್ಟಿದೆ, ಬೇಗ ಮುಗಿಸ್ರೋ" ಎಂದಳು.

ಅತ್ತಿಗೆ ಮಾತ್ರ ಅಣ್ಣನ ತೋಳು ಹಿಡಿದಳು. "ರೀ, ಬೇಡ ರೀ. ಆ ಅಕ್ಕ ಹೇಳಿದ್ದು ಕೇಳಿಸಲಿಲ್ವಾ?"

"ಒಂದೇ ಒಂದು ಸಂದಿ ಇದೆ ಕಣೇ. ಟೀ ಆರೋದ್ರೊಳಗೆ ಮೇಲಿರ್ತೀನಿ."

ಲೋಟವನ್ನು ಪೈಪಿನ ಮೇಲಿಟ್ಟು ಅಣ್ಣ ಇಳಿದ. ಚಿಕ್ಕಪ್ಪ ಹಿಂದಿನ ಹಲಗೆ ಕೀಳಿಸಿದ.

ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿಯಿಂದ ಕಾಳು ಸುರಿದಂತಾಯಿತು, ಅಷ್ಟೆ. ತಿಕ್ಕಿ ಮುಚ್ಚಿದ್ದ ಆ ಗೆರೆಯಿಂದಲೇ ಬದಿ ಕಳಚಿಕೊಂಡಿತು. ಅದರ ಹಿಂದೆಯೇ ಅಂಚಿನ ಗುಡ್ಡೆ ಜಾರಿತು. ಅಣ್ಣನಿಗೆ ಭುಜದವರೆಗೆ ಮಣ್ಣು. ತಲೆ ಹೊರಗಿತ್ತು. ತಲೆ ಹೊರಗಿದೆಯಲ್ಲ, ಬದುಕಿದ ಎಂದುಕೊಂಡೆವು. ನಮಗೇನು ಗೊತ್ತು? ಆಳೆತ್ತರದ ಗುಡ್ಡೆ ಮಣ್ಣು ಒಂದು ಕಾರಿಗಿಂತ ಭಾರ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಬಂದು ಕೂರುತ್ತದೆ. ಮತ್ತೆ ಉಸಿರೆಳೆಯಲು ಎದೆಗೆ ಜಾಗವಿರುವುದಿಲ್ಲ. ಅಣ್ಣ ಬಾಯಿ ತೆರೆದ. ಮಾತು ಬರಲಿಲ್ಲ. ಕಣ್ಣು ನಮ್ಮನ್ನೇ ನೋಡುತ್ತಿತ್ತು.

ಚಿಕ್ಕಪ್ಪ "ಮಗನೇ" ಎಂದು ಕಿರುಚಿ ಧುಮುಕಿದ. ಅವನು ಧುಮುಕಿದ ಏಟಿಗೆ ಇನ್ನೊಂದು ಬದಿಯೂ ಕುಸಿದು ಅವನ ಕಾಲು ಮುರಿಯಿತು. ಮಣ್ಣು ತೋಡುವ ಯಂತ್ರದವನು ಯಂತ್ರವನ್ನು ಕಾಲುವೆಯ ಕಡೆ ತಿರುಗಿಸಿದ. ಆ ಕಬ್ಬಿಣದ ಹಲ್ಲು ಮಣ್ಣಿಗೂ ಮೈಗೂ ಭೇದ ನೋಡುತ್ತದೆಯೇ? ಅತ್ತಿಗೆ ಅಡ್ಡ ನಿಂತು ತಡೆದಳು.

ಅಗ್ನಿಶಾಮಕದವರು ಬಂದರು. ಬಂದವರೇ ಇಳಿಯಲಿಲ್ಲ. ಮೊದಲು ಹಲಗೆ ನಿಲ್ಲಿಸಿದರು, ದಿಮ್ಮಿ ಬಿಗಿದರು, ಆಮೇಲೆ ಇಳಿದರು. ಚಿಕ್ಕಪ್ಪನನ್ನು ಜೀವಂತ ತೆಗೆದರು. ಅಣ್ಣನನ್ನು ತೆಗೆದರು, ಅಷ್ಟೆ. ಹೆಣ ಎತ್ತಲು ಸಿಕ್ಕ ಹಲಗೆ, ಉಸಿರಾಡುತ್ತಿದ್ದ ಅಣ್ಣನಿಗೆ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ, ತನಿಖೆಯವರು ಬರುವ ಮೊದಲೇ, ಲಾರಿ ತುಂಬ ಹಲಗೆ ಬಂದು ಬಿತ್ತು. ಹೊಸವು. ಇನ್ನೂ ಮರದ ವಾಸನೆಯಿತ್ತು.

ಮನೆಗೆ ಬಂದವರೆಲ್ಲ ಹಣೆಬರಹ ಎಂದರು. ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಚಿಕ್ಕಪ್ಪ ಆಗ ಎದ್ದು ಕೂತ.

"ಯಾವ ಹಣೆಬರಹ? ಹೊರಗೆ ಲಾರಿಯಿಂದ ಇಳಿಸಿದಾರಲ್ಲ, ಅದಾ? ಆ ತಾಯಿ ಬಾಯಿ ಬಡ್ಕೊಂಡು ಹೇಳಿದ್ಲು. ನಾನು ಹಿಮ್ಮಡೀಲಿ ತಿಕ್ಕಿದೆ."

ಅತ್ತಿಗೆ ಅವನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಹೊಟ್ಟೆ ಕೇಳಬೇಕಲ್ಲ, ಕೆಲಸಕ್ಕೆ ವಾಪಸು ಹೋದಳು. ಆಮೇಲೆ ದಿನವೂ ಕಾಲುವೆಗಿಳಿಯುವ ಏಣಿಯ ಬಾಯಲ್ಲಿ ಬುಟ್ಟಿ ಅಡ್ಡ ಇಟ್ಟು ನಿಲ್ಲುತ್ತಿದ್ದಳು. "ಹಿಂದಿನ ಹಲಗೆ ಇದೆಯಾ?" ಎನ್ನುತ್ತಿದ್ದಳು. ಇದೆ ಎಂದರೆ ಸಾಲದು, ತಾನೇ ಬಗ್ಗಿ ನೋಡಬೇಕಿತ್ತು. ಹೊಸ ಮೇಸ್ತ್ರಿ ಗೊಣಗಿದರೆ, ಊರುಗೋಲು ಹಿಡಿದು ಜಗುಲಿಯಲ್ಲಿ ಕೂತ ಚಿಕ್ಕಪ್ಪ ಅಲ್ಲಿಂದಲೇ ಗದರುತ್ತಿದ್ದ, "ಲೋ, ಅವಳು ಹೇಳಿದ ಮೇಲೇ ಇಳೀಬೇಕು!" ಇಸ್ತ್ರಿಯವನು ಎಷ್ಟು ದಿನ ಎಂದು ಕೇಳುವುದನ್ನು ಬಿಟ್ಟ.

ಪೈಪು ಮುಗಿಯಿತು. ಮಳೆಯೂ ಬಂತು. ಬಚ್ಚಲು ಉಕ್ಕಲಿಲ್ಲ, ಮಂಚಕ್ಕೆ ಇಟ್ಟಿಗೆ ಬೇಕಾಗಲಿಲ್ಲ. ಒಣ ನೆಲದ ಮೇಲೆ ಕೂತು ಅತ್ತಿಗೆ ರಾತ್ರಿಯೆಲ್ಲ ಮಳೆ ಕೇಳಿದಳು.

ಗುಂಡಿಗೆ ಇಳಿಯುವ ಅಣ್ಣಂದಿರೇ, ಎದೆಮಟ್ಟ ಮುಟ್ಟಿದ ಗುಂಡಿಗೆ ಹಲಗೆಯಿಲ್ಲದೆ ಇಳಿಯಬೇಡಿ. ಅಂಚಲ್ಲಿ ಗೆರೆ ಕಂಡರೆ, ನೀರು ಒಸರಿದರೆ ಮುಚ್ಚಬೇಡಿ, ಕೂಗಿ ಎಲ್ಲರನ್ನೂ ಮೇಲೆ ಕರೆಯಿರಿ. ತೋಡಿದ ಮಣ್ಣನ್ನು ಅಂಚಿಂದ ದೂರ ಹಾಕಿ. ಯಾರಾದರೂ ಸಿಕ್ಕಿಕೊಂಡರೆ ಧುಮುಕಬೇಡಿ, ಯಂತ್ರ ಹಾಕಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ. ಬಾಗಿಲಲ್ಲಿ ನಿಂತು ನೋಡುವ ಅಮ್ಮಂದಿರೇ, ಅಪ್ಪಂದಿರೇ, ಯಾವಾಗ ಮುಗಿಯುತ್ತೆ ಎಂದು ಕೇಳುವ ಬಾಯಲ್ಲಿ ಹಲಗೆ ಹಾಕಿದ್ದಾರಾ ಎಂದು ಕೇಳಿ.

ಗುತ್ತಿಗೆದಾರರೇ, ನಿಮಗೆ ನಾನು ಕೈಮುಗಿಯುವುದಿಲ್ಲ. ಹೇಗೂ ಕಳಿಸುವ ಲಾರಿ, ಒಂದು ದಿನ ಮುಂಚೆ ಕಳಿಸಿ.