ಮೂರನೇ ಗುಂಡಿಗೆ ನಿಲ್ಲುವ ಪಿಸ್ತೂಲು

ವೈಯೋಮಿಂಗಿನ ಆ ಚಿಕ್ಕ ಊರಿನಲ್ಲಿ ವರ್ಲಿನ್ ಟೇಟ್ ಇಪ್ಪತ್ತೆಂಟು ವರ್ಷಗಳಿಂದ ಬಂದೂಕಿನ ಅಂಗಡಿ ಇಟ್ಟಿದ್ದ. ಪಿಸ್ತೂಲಿನ ವಿಷಯದಲ್ಲಿ ಅವನು ಹೇಳಿದ್ದಕ್ಕೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ. ನೊರೀನ್ ಹ್ಯಾಸ್ಕೆಟ್ ಎದುರಾಡಿದಳು. ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು, ಈಗ ಸುತ್ತಲಿನ ಕುದುರೆಗಳಿಗೆಲ್ಲ ಲಾಳ ಹೊಡೆಯುವವಳು.

ಒಂದು ಶನಿವಾರ ಬೆಳಿಗ್ಗೆ ಅವಳು ಬಂದು, ಅವನ ಹತ್ತಿರವೇ ಕೊಂಡಿದ್ದ ಹೊಸ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು.

"ಎರಡು ಗುಂಡು ಹಾರುತ್ತೆ, ಮೂರನೇದು ಸಿಕ್ಕಾಕ್ಕೊಳ್ಳುತ್ತೆ. ಡಬ್ಬಿಯಿಂದ ತೆಗೆದಾಗಿಂದ ಇದೇ ಗೋಳು."

"ಹೊಸದಲ್ವಾ ಮಾರಾಯ್ತಿ, ಇನ್ನೂರು ಗುಂಡು ಹಾರಿಸು, ಪಳಗುತ್ತೆ."

"ಮುನ್ನೂರು ಹಾರಿಸಿದೀನಿ."

ಕಾಫಿ ಹೀರುತ್ತ ಕೂತಿದ್ದ ನಾಲ್ಕು ಜನ ಇತ್ತ ತಿರುಗಿದರು. ವರ್ಲಿನ್‌ಗೆ ಇರುಸುಮುರುಸಾಯಿತು.

"ಹಾಗಾದ್ರೆ ನಿನ್ನ ಮಣಿಕಟ್ಟೇ ಮೆತ್ತಗಿರ್ಬೇಕು. ಪಿಸ್ತೂಲನ್ನ ಹೂವು ಹಿಡಿದಂಗೆ ಹಿಡಿದ್ರೆ ಗುಂಡು ಸಿಕ್ಕಾಕ್ಕೊಳ್ಳುತ್ತೆ, ಅದೇನು ಮಾಡುತ್ತೆ ಪಾಪ?"

ನಾಲ್ವರೂ ಹೋ ಎಂದು ನಕ್ಕರು. ಒದೆಯುವ ಕುದುರೆಯ ಕಾಲನ್ನು ತೊಡೆಯ ಮೇಲೆ ಅದುಮಿ ಹಿಡಿಯುವ ಆ ಕೈಗಳನ್ನು ನೊರೀನ್ ಒಮ್ಮೆ ನೋಡಿಕೊಂಡಳು. ಪಿಸ್ತೂಲನ್ನು ಎತ್ತಿಕೊಂಡು ಹೊರಟುಹೋದಳು.

ವರ್ಲಿನ್ ಸುಳ್ಳು ಹೇಳಿದ್ದ. ಹಿಂದಿನ ತಿಂಗಳು ಅದೇ ಸರಕಿನಲ್ಲಿ ಬಂದಿದ್ದ ಇನ್ನೊಂದು ಪಿಸ್ತೂಲು ವಾಪಸು ಬಂದಿತ್ತು. ಅವನೇ ಹಾರಿಸಿ ನೋಡಿದ್ದ, ಅವನ ಕೈಯಲ್ಲೂ ಮೂರನೇ ಗುಂಡಿಗೆ ನಿಂತಿತ್ತು. ಯಾರಿಗೂ ಹೇಳದೆ ಅದನ್ನು ಕಂಪನಿಗೆ ಕಳಿಸಿ, ಉಳಿದವನ್ನು ಮಾರಿದ್ದ.

ಮೂರು ವಾರ ಕಳೆದ ಮೇಲೆ ಸುದ್ದಿ ಬಂತು. ನೊರೀನಳ ಲಾಯದ ಬಳಿಗೆ ಬೆಟ್ಟದ ಸಿಂಹ ಎಂದು ಅಲ್ಲಿನವರು ಕರೆಯುವ ಪ್ಯೂಮಾ ನುಗ್ಗಿ ಅವಳ ಮುದಿ ನಾಯಿಯ ಮೇಲೆ ಬಿದ್ದಿತ್ತು. ಎರಡು ಗುಂಡು ಗುರಿ ತಪ್ಪಿದವು. ಮೂರನೆಯದು ಹಾರಲೇ ಇಲ್ಲ. ಅವಳು ಸುತ್ತಿಗೆ ಹಿಡಿದು ನುಗ್ಗಿದಳಂತೆ. ಮೊಣಕೈಗೆ ಒಂಬತ್ತು ಹೊಲಿಗೆ. ನಾಯಿ ಉಳಿಯಲಿಲ್ಲ.

ವರ್ಲಿನ್ ಅಂಗಡಿಗೆ ಬೀಗ ಹಾಕಿ ಅವಳಲ್ಲಿಗೆ ಹೋದ. ಅವಳು ಪಿಸ್ತೂಲನ್ನು ತಂದುಕೊಟ್ಟಳು. ಅವನು ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟ. ಒಂದು, ಎರಡು. ಮೂರನೆಯ ಗುಂಡು ನಳಿಗೆಗೆ ಹೋಗದೆ ಓರೆಯಾಗಿ ಕಚ್ಚಿಕೊಂಡಿತು. ಅವನ ಕಿವಿಗಳು ಬಿಸಿಯಾದವು.

"ಆವತ್ತೇ ಗೊತ್ತಿತ್ತಾ ನಿಂಗೆ?" ಎಂದಳು ನೊರೀನ್.

ಇಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇನ್ನೆಷ್ಟು ಜನಕ್ಕೆ ಕೊಟ್ಟಿದೀಯ?"

"ಐದು."

"ಅವರಿಗೆಲ್ಲ ಹೇಳು. ಆವತ್ತು ನಕ್ಕರಲ್ಲ, ಅವರೆದುರಿಗೂ ಹೇಳು."

ಶನಿವಾರ ಆ ನಾಲ್ವರು ಬಂದು ಕೂತಾಗ ವರ್ಲಿನ್ ನಿಂತುಕೊಂಡೇ ಹೇಳಿದ. ಪಿಸ್ತೂಲು ಕೆಟ್ಟದ್ದೆಂದು ತನಗೆ ಮೊದಲೇ ಗೊತ್ತಿತ್ತು, ನೊರೀನಳ ಕೈಯಲ್ಲಿ ಏನೂ ದೋಷವಿರಲಿಲ್ಲ ಎಂದ. ಧ್ವನಿ ಒಡೆದು ಅರ್ಧಕ್ಕೇ ನಿಂತಿತು, ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ನಾಲ್ವರಲ್ಲೊಬ್ಬನಾದ ಡೆಲ್ಮರ್ ಪ್ರೂಯಿಟ್ ಲೋಟ ಕೆಳಗಿಟ್ಟ. "ನನ್ನ ಮಗಳಿಗೆ ಅದನ್ನೇ ಕೊಟ್ಟಿದ್ದೆಯಲ್ಲೋ. ಅವಳೊಬ್ಬಳೇ ಇರೋದು ಆ ಮನೇಲಿ."

"ಹೌದು ಡೆಲ್ಮರ್."

ಡೆಲ್ಮರ್ ಮಗಳಿಗೆ ಫೋನು ಮಾಡುತ್ತಲೇ ಹೊರಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಸಂಜೆಯೊಳಗೆ ವರ್ಲಿನ್ ಐದು ಪಿಸ್ತೂಲುಗಳನ್ನೂ ವಾಪಸು ತರಿಸಿಕೊಂಡ.

ನೊರೀನ್ ಮತ್ತೆ ಅಂಗಡಿಗೆ ಬರಲಿಲ್ಲ. ಅಂಚೆ ಕಚೇರಿಯಲ್ಲಿ ಎದುರಾದರೆ ತಲೆಯಾಡಿಸುತ್ತಾಳೆ, ಅಷ್ಟೇ. ವರ್ಲಿನ್ ಮಾತ್ರ ಅವಳನ್ನು ಕಂಡ ಕೂಡಲೇ ಟೋಪಿ ತೆಗೆದು, ಅವಳು ದಾಟಿಹೋಗುವ ತನಕ ನೆಲ ನೋಡುತ್ತ ನಿಲ್ಲುತ್ತಾನೆ.